ವಿಂಡೋ ಎಂಬ ಹೊರ ಆವರಣ

ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಬಟನ್, ಮೆನು, ಅಕ್ಷರ ತುಂಬುವ ಚೌಕ ಇವೆಲ್ಲ ಯಾವುದೋ ಒಂದರ ಒಳಗೆ ಕೂತಿರುತ್ತವೆ. ಬಟನ್ ಒಂದು ಫಲಕದೊಳಗೆ, ಆ ಫಲಕ ಇನ್ನೊಂದು ಫಲಕದೊಳಗೆ. ಹೀಗೆ ಒಳಗಿನಿಂದ ಹೊರಗೆ ಬರುತ್ತ ಹೋದರೆ ಕೊನೆಗೆ ಬೇರೆ ಯಾವುದರ ಒಳಗೂ ಇಲ್ಲದ ಒಂದು ಆವರಣ ಸಿಗುತ್ತದೆ. ತಂತ್ರಾಂಶ ಬರೆಯುವವರು ಇದನ್ನು ಟಾಪ್ ಲೆವೆಲ್ ಕಂಟೇನರ್ ಎನ್ನುತ್ತಾರೆ. ನೋಡುವವರ ಕಣ್ಣಿಗೆ ಅದು ವಿಂಡೋ. ಅದನ್ನು ಹಿಡಿದು ಎಳೆದರೆ ಒಳಗಿನದೆಲ್ಲ ಜೊತೆಗೆ ಬರುತ್ತದೆ, ಮುಚ್ಚಿದರೆ ಒಳಗಿನದೆಲ್ಲ ಮರೆಯಾಗುತ್ತದೆ.

ಈ ಆವರಣಕ್ಕೆ ಇಬ್ಬರು ಒಡೆಯರು. ಒಳಗಿನದು ಪ್ರೋಗ್ರಾಮಿನದು. ಸುತ್ತಲಿನ ಅಂಚು, ಮೇಲಿನ ಟೈಟಲ್ ಬಾರ್, ಅದರ ತುದಿಯಲ್ಲಿ ಕಿರಿದು ಮಾಡುವ, ಹಿಗ್ಗಿಸುವ, ಮುಚ್ಚುವ ಗುರುತುಗಳು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಸೇರಿದವು. ಮನೆಯೊಳಗಿನ ಗೋಡೆಗೆ ಯಾವ ಬಣ್ಣ ಎಂಬುದು ಮನೆಯವರ ಇಷ್ಟ, ರಸ್ತೆಯ ಕಡೆ ಎಷ್ಟು ಜಾಗ ಬಿಡಬೇಕು ಎಂಬುದು ಪುರಸಭೆಯ ನಿಯಮ. ಇಲ್ಲಿನ ಪಾಲು ಹಂಚಿಕೆಯೂ ಹಾಗೆಯೇ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರನ್ನು ಕಾಡುವ ಹಲವು ತೊಡಕುಗಳು, ಅಂದರೆ ಮುಚ್ಚಿದರೂ ಸಾಯದ ಪ್ರೋಗ್ರಾಂ, ಬಣ್ಣ ಕೊಟ್ಟರೂ ಬಣ್ಣ ಬಾರದ ವಿಂಡೋ, ಕೇಳಿದಷ್ಟು ಅಳತೆಗೆ ಬಾರದ ಜಾಗ, ಈ ಇಬ್ಬರ ನಡುವಿನ ಗಡಿಯಲ್ಲೇ ಹುಟ್ಟುತ್ತವೆ. ಗಡಿ ಎಲ್ಲಿದೆ ಎಂದು ತಿಳಿದವರಿಗೆ ಇವು ತೊಡಕುಗಳೇ ಅಲ್ಲ.

ಒಂದರ ಮೇಲೊಂದು ಹರಡಿಕೊಳ್ಳುವ ವಿಂಡೋಗಳು ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ. ಆಲ್ಟೋ ಎಂಬ ಯಂತ್ರದ ಮೇಲೆ ಸ್ಮಾಲ್‌ಟಾಕ್ ಭಾಷೆಯ ಜೊತೆಜೊತೆಗೇ ಅವು ಬೆಳೆದವು. 1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಅವನ್ನು ಸಾಮಾನ್ಯರ ಮೇಜಿಗೆ ತಂದಿತು. ಮೈಕ್ರೋಸಾಫ್ಟ್ 1985ರಲ್ಲಿ ಹೊರತಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ಪ್ರೋಗ್ರಾಮುಗಳ ಮುಖ್ಯ ವಿಂಡೋಗಳು ಒಂದನ್ನೊಂದು ಮುಚ್ಚುವಂತಿರಲಿಲ್ಲ, ಪಕ್ಕಪಕ್ಕದಲ್ಲಿ ಜೋಡಿಸಿಕೊಂಡು ಇರಬೇಕಿತ್ತು. ಒಂದರ ಮೇಲೊಂದು ಬರುವ ಸೌಲಭ್ಯ 1987ರ ಎರಡನೆಯ ಆವೃತ್ತಿಯಲ್ಲಿ ಸಿಕ್ಕಿತು. ಯೂನಿಕ್ಸ್ ಲೋಕದಲ್ಲಿ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಆರಂಭಿಸಿದ ಎಕ್ಸ್ ವಿಂಡೋ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಟೈಟಲ್ ಬಾರ್ ಬರೆಯುವುದು ವಿಂಡೋ ಮ್ಯಾನೇಜರ್ ಎಂಬ ಬೇರೊಂದು ಪ್ರೋಗ್ರಾಮಿನ ಕೆಲಸ. ಅದು ತಾನೊಂದು ಚೌಕಟ್ಟು ಮಾಡಿ, ಬಂದ ಪ್ರೋಗ್ರಾಮಿನ ವಿಂಡೋವನ್ನು ಅದರೊಳಗೆ ಕೂರಿಸುತ್ತದೆ. ವಿಂಡೋ ಮ್ಯಾನೇಜರನ್ನು ಬದಲಿಸಿದರೆ ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟದೆ ಅದರ ಹೊರನೋಟ ಬದಲಾಗುತ್ತದೆ.

ಹೀಗೆ ಒಂದೊಂದು ಕಡೆ ಒಂದೊಂದು ಪದ್ಧತಿ ಇರುವಾಗ, ಒಮ್ಮೆ ಬರೆದ ಪ್ರೋಗ್ರಾಂ ಎಲ್ಲ ಕಡೆ ಓಡಬೇಕೆಂಬ ಹಂಬಲದಿಂದ ಹುಟ್ಟಿದ ಭಾಷೆ ಜಾವಾ. ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಪ್ರಕಟಿಸಿದ ಈ ಭಾಷೆಯ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಬಂದಾಗ ಅದರ ಜೊತೆ ಎಡಬ್ಲ್ಯೂಟಿ ಎಂಬ ಚಿತ್ರಫಲಕಗಳ ಸಂಗ್ರಹವಿತ್ತು. ಅದರ ದಾರಿ ನೇರ: ಬಟನ್ ಬೇಕೆಂದರೆ ಆಪರೇಟಿಂಗ್ ಸಿಸ್ಟಮ್‌ನಿಂದಲೇ ಒಂದು ಬಟನ್ ಕೇಳಿ ಪಡೆಯುವುದು. ಹಾಗಾಗಿ ಒಂದೇ ಪ್ರೋಗ್ರಾಂ ವಿಂಡೋಸ್‌ನಲ್ಲಿ ಒಂದು ಥರ, ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇನ್ನೊಂದು ಥರ ಕಾಣುತ್ತಿತ್ತು. ಎಲ್ಲ ಕಡೆ ಸಿಗುವಂಥ ಸಾಮಾನ್ಯ ಸಾಮಗ್ರಿಯನ್ನಷ್ಟೇ ಕೊಡಲು ಸಾಧ್ಯವಾಗುತ್ತಿದ್ದುದರಿಂದ ಕೋಷ್ಟಕ, ಮರದಾಕಾರದ ಪಟ್ಟಿಯಂಥವು ಅದರಲ್ಲಿ ಇರಲೇ ಇಲ್ಲ. 1998ರ ಡಿಸೆಂಬರಿನಲ್ಲಿ ಬಂದ ಜಾವಾ 1.2ರ ಭಾಗವಾಗಿ ಸೇರಿದ ಸ್ವಿಂಗ್ ಈ ದಾರಿ ಬಿಟ್ಟಿತು. ಬಟನ್ನಿನ ಅಂಚು, ನೆರಳು, ಮೇಲಿನ ಅಕ್ಷರ ಎಲ್ಲವನ್ನೂ ಜಾವಾ ತಾನೇ ಬರೆಯತೊಡಗಿತು. ಇಂಥ ಘಟಕಗಳಿಗೆ ಲೈಟ್‌ವೇಟ್ ಎಂದು ಹೆಸರು, ಆಪರೇಟಿಂಗ್ ಸಿಸ್ಟಮ್‌ನ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ.

ಆದರೆ ಬರೆಯಲು ಒಂದು ಹಾಳೆಯಾದರೂ ಬೇಕು, ಪರದೆಯ ಮೇಲೆ ಜಾಗ ಕೊಡುವ ಅಧಿಕಾರ ಆಪರೇಟಿಂಗ್ ಸಿಸ್ಟಮ್‌ಗೇ ಸೇರಿದ್ದು. ಆದ್ದರಿಂದ ಸ್ವಿಂಗ್‌ನಲ್ಲೂ ಹೊರ ಆವರಣ ಮಾತ್ರ ಹೆವಿವೇಟ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನಿಂದಲೇ ಪಡೆದದ್ದು, ಆಗಿಯೇ ಉಳಿಯಿತು. ಅಂಥವು ನಾಲ್ಕು. ಟೈಟಲ್ ಬಾರ್ ಇರುವ ಮುಖ್ಯ ವಿಂಡೋ ಜೆಫ್ರೇಮ್. ಅದರ ಆಸರೆಯಲ್ಲಿ ಬಂದು ಹೋಗುವ ಸಂವಾದ ಚೌಕ ಜೆಡಯಲಾಗ್. ಟೈಟಲ್ ಬಾರಾಗಲಿ ಅಂಚಾಗಲಿ ಇಲ್ಲದ ಬರಿಯ ಚೌಕ ಜೆವಿಂಡೋ. ಬ್ರೌಸರಿನ ಪುಟದೊಳಗೆ ಓಡುತ್ತಿದ್ದುದು ಜೆಆಪ್ಲೆಟ್. ಇವುಗಳಲ್ಲಿ ಕೊನೆಯದರ ಕಾಲ ಮುಗಿದಿದೆ. ಬ್ರೌಸರುಗಳು ಜಾವಾ ಪ್ಲಗಿನ್‌ಗೆ ಬಾಗಿಲು ಮುಚ್ಚಿದ ಮೇಲೆ, 2017ರ ಜಾವಾ 9ರಲ್ಲಿ ಆಪ್ಲೆಟ್ ವ್ಯವಸ್ಥೆಯನ್ನು ಬಳಸಬಾರದ ಪಟ್ಟಿಗೆ ಸೇರಿಸಲಾಯಿತು. ಜೆಇಂಟರ್ನಲ್‌ಫ್ರೇಮ್ ಎಂಬ ಇನ್ನೊಂದಿದೆ. ನೋಡಲು ಥೇಟ್ ವಿಂಡೋದಂತೆ, ಟೈಟಲ್ ಬಾರ್ ಸಮೇತ ಇದ್ದರೂ ಅದು ಮತ್ತೊಂದು ವಿಂಡೋದ ಒಳಗೇ ಬದುಕುವ ಲೈಟ್‌ವೇಟ್ ಘಟಕ. ಅದರ ಟೈಟಲ್ ಬಾರ್ ಕೂಡ ಜಾವಾ ಬರೆದದ್ದೇ.

ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತಿರುವುದು ಹೊರ ವಿಂಡೋ ಒಂದೇ ಎಂಬುದರ ಪರಿಣಾಮ ದೊಡ್ಡದು. ಬಳಕೆದಾರರು ಒಂದು ಬಟನ್ನಿನ ಮೇಲೆ ಮೌಸ್ ಒತ್ತಿದರೆ, ಈ ವಿಂಡೋದ ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ದೂರದಲ್ಲಿ ಒತ್ತಲಾಗಿದೆ ಎಂದಷ್ಟೇ ಆಪರೇಟಿಂಗ್ ಸಿಸ್ಟಮ್ ಹೇಳುತ್ತದೆ. ಆ ಬಿಂದುವಿನಲ್ಲಿ ಯಾವ ಫಲಕವಿದೆ, ಅದರೊಳಗೆ ಯಾವ ಬಟನ್ ಇದೆ ಎಂದು ಹುಡುಕಿ ಸುದ್ದಿ ಮುಟ್ಟಿಸುವುದು ಹೊರ ಆವರಣದ ಹೊಣೆ. ಬರೆಯುವ ಕೆಲಸವೂ ಅಷ್ಟೇ. ಇನ್ನೊಂದರ ಹಿಂದೆ ಮರೆಯಾಗಿದ್ದ ವಿಂಡೋ ಮತ್ತೆ ಮೇಲೆ ಬಂದಾಗ ಸೂಚನೆ ಬರುವುದು ಹೊರ ಆವರಣಕ್ಕೆ. ಅಲ್ಲಿಂದ ಒಳಗಿನ ಒಂದೊಂದು ಘಟಕವೂ ಸರದಿಯಂತೆ ತನ್ನನ್ನು ತಾನು ಬರೆದುಕೊಳ್ಳುತ್ತದೆ. ಇದಕ್ಕೆಲ್ಲ ಒಂದು ನಿಯಮ ಆಧಾರ: ಪ್ರತಿ ಘಟಕಕ್ಕೂ ಒಂದೇ ಒಂದು ತಾಯಿ ಆವರಣ. ಒಂದು ಬಟನ್ನನ್ನು ಮೊದಲು ಒಂದು ಫಲಕಕ್ಕೆ, ಆಮೇಲೆ ಇನ್ನೊಂದಕ್ಕೆ ಸೇರಿಸಿದರೆ ಅದು ಮೊದಲಿನದರಿಂದ ಕಳಚಿಕೊಂಡು ಎರಡನೆಯದರಲ್ಲಿ ಮಾತ್ರ ಉಳಿಯುತ್ತದೆ. ಒಂದೇ ಬಟನ್ ಎರಡು ಕಡೆ ಕಾಣಬೇಕೆಂದರೆ ಎರಡು ಬಟನ್‌ಗಳನ್ನೇ ಮಾಡಬೇಕು.

ಇನ್ನು ಹೊರ ಆವರಣದ ಒಳರಚನೆ. ಜೆಫ್ರೇಮಿನ ನೇರ ಮಗು ಒಂದೇ, ಅದು ರೂಟ್ ಪೇನ್. ರೂಟ್ ಪೇನಿನೊಳಗೆ ಎರಡು ಇವೆ: ಲೇಯರ್ಡ್ ಪೇನ್ ಮತ್ತು ಅದರ ಮೇಲೆ ಹಾಸಿದ ಗ್ಲಾಸ್ ಪೇನ್. ಲೇಯರ್ಡ್ ಪೇನಿನಲ್ಲಿ ಕಾಂಟೆಂಟ್ ಪೇನ್ ಇರುತ್ತದೆ, ಬೇಕಿದ್ದರೆ ಅದರ ನೆತ್ತಿಗೆ ಮೆನು ಪಟ್ಟಿ. ಪ್ರೋಗ್ರಾಂ ಬರೆಯುವವರು ತಮ್ಮ ಬಟನ್, ಕೋಷ್ಟಕಗಳನ್ನೆಲ್ಲ ಇಡಬೇಕಾದದ್ದು ಈ ಕಾಂಟೆಂಟ್ ಪೇನಿನಲ್ಲಿ.

ಇಷ್ಟೊಂದು ಪದರ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಲೇಯರ್ಡ್ ಪೇನಿನಲ್ಲಿದೆ. ಮೆನು ಒತ್ತಿದಾಗ ಕೆಳಗೆ ಇಳಿಯುವ ಪಟ್ಟಿ ಕೋಷ್ಟಕದ ಮೇಲೆ ಕಾಣಬೇಕು, ಎಳೆಯುತ್ತಿರುವ ಚಿತ್ರ ಆ ಪಟ್ಟಿಗಿಂತಲೂ ಮೇಲೆ ತೇಲಬೇಕು. ಯಾವುದರ ಮೇಲೆ ಯಾವುದು ಎಂಬುದನ್ನು ತೀರ್ಮಾನಿಸಲು ಒಂದೊಂದು ಪದರಕ್ಕೂ ಒಂದು ಸಂಖ್ಯೆ ಗೊತ್ತು ಮಾಡಲಾಗಿದೆ. ಕಾಂಟೆಂಟ್ ಪೇನ್ ಮತ್ತು ಮೆನು ಪಟ್ಟಿ ಇರುವ ಪದರ ಮೈನಸ್ 30,000, ಎಲ್ಲಕ್ಕಿಂತ ಕೆಳಗೆ. ಸಾಮಾನ್ಯ ಪದರ 0, ತೇಲುವ ಉಪಕರಣ ಪಟ್ಟಿಗಳಿಗೆ 100, ಸಂವಾದ ಚೌಕಗಳಿಗೆ 200, ಇಳಿಯುವ ಪಟ್ಟಿಗಳಿಗೆ 300, ಎಳೆಯುವ ವಸ್ತುಗಳಿಗೆ 400. ಇಳಿಯುವ ಪಟ್ಟಿ ವಿಂಡೋದ ಅಂಚು ದಾಟಿ ಹೊರಗೆ ಚಾಚಬೇಕಾದಾಗ ಮಾತ್ರ ಈ ಏರ್ಪಾಡು ಸಾಲದು. ಆಗ ಸ್ವಿಂಗ್ ಸದ್ದಿಲ್ಲದೆ ಅಂಚಿಲ್ಲದ ಒಂದು ಜೆವಿಂಡೋ ತರಿಸಿಕೊಂಡು ಪಟ್ಟಿಯನ್ನು ಅದರೊಳಗೆ ತೋರಿಸುತ್ತದೆ. ಬಳಕೆದಾರರಿಗೆ ವ್ಯತ್ಯಾಸವೇ ತಿಳಿಯದು. ಚೊಕ್ಕ ಕೆಲಸವೆಂದರೆ ಇದು.

ಗ್ಲಾಸ್ ಪೇನ್ ಹೆಸರಿಗೆ ತಕ್ಕಂತೆ ಪಾರದರ್ಶಕ, ಸಾಮಾನ್ಯವಾಗಿ ಮರೆಯಲ್ಲೇ ಇರುತ್ತದೆ. ದೊಡ್ಡ ಕಡತವೊಂದನ್ನು ಉಳಿಸುತ್ತಿರುವಾಗ ಬಳಕೆದಾರರು ಸಿಕ್ಕಸಿಕ್ಕ ಬಟನ್ ಒತ್ತದಂತೆ ತಡೆಯಬೇಕಿದ್ದರೆ ಅದನ್ನು ಕಾಣಿಸಿಕೊಳ್ಳುವಂತೆ ಮಾಡಿ, ಮೌಸಿನ ಸುದ್ದಿಗೆ ಕಿವಿಗೊಡುವಂತೆ ಹೊಂದಿಸಿದರೆ ಸಾಕು, ಕ್ಲಿಕ್ಕುಗಳೆಲ್ಲ ಅಲ್ಲೇ ನಿಲ್ಲುತ್ತವೆ. ಕೀಲಿಮಣೆಯನ್ನು ಮಾತ್ರ ಅದು ತಾನಾಗಿ ತಡೆಯುವುದಿಲ್ಲ. ಟ್ಯಾಬ್ ಕೀಲಿಯಿಂದ ಮುಂದಿನ ಬಟನ್ನಿಗೆ ಹೋಗಿ ಸ್ಪೇಸ್ ಒತ್ತಿದರೆ ಕೆಲಸ ನಡೆದುಬಿಡುತ್ತದೆ. ಕೀಲಿಗಳ ಸುದ್ದಿ ಹೋಗುವುದು ಫೋಕಸ್ ಇರುವ, ಅಂದರೆ ಆ ಹೊತ್ತಿಗೆ ಆಯ್ಕೆಯಾಗಿರುವ ಘಟಕಕ್ಕೆ, ಮೇಲೆ ಹಾಸಿದ ಗಾಜಿಗಲ್ಲ. ಇದನ್ನು ಮರೆತ ಪ್ರೋಗ್ರಾಮುಗಳಲ್ಲಿ ಒಂದೇ ರಸೀದಿ ಎರಡು ಬಾರಿ ಉಳಿದುಬಿಡುವ ಅಪಾಯ ನಿಜವಾದದ್ದು.

ಕಾಂಟೆಂಟ್ ಪೇನಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸ್ವಿಂಗ್‌ನ ಮೊದಲ ವರ್ಷಗಳಲ್ಲಿ ಬಟನ್ನನ್ನು ನೇರವಾಗಿ ಜೆಫ್ರೇಮಿಗೆ ಸೇರಿಸಲು ಹೊರಟರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು, ಕಾಂಟೆಂಟ್ ಪೇನಿಗೆ ಸೇರಿಸಿ ಎಂಬ ದೋಷ ಸಂದೇಶ ಬರುತ್ತಿತ್ತು. ಎಡಬ್ಲ್ಯೂಟಿಯಿಂದ ಬಂದವರೆಲ್ಲ ಇಲ್ಲಿ ಎಡವುತ್ತಿದ್ದರು. 2004ರ ಜಾವಾ 5ರಲ್ಲಿ ಈ ಬಿಗಿಯನ್ನು ಸಡಿಲಿಸಲಾಯಿತು. ಫ್ರೇಮಿಗೆ ಸೇರಿಸಿದ್ದನ್ನು ಅದೇ ಕಾಂಟೆಂಟ್ ಪೇನಿಗೆ ದಾಟಿಸುವ ಏರ್ಪಾಡಾಯಿತು. ಬರೆಯುವ ಶ್ರಮ ಉಳಿಯಿತು, ತಿಳಿವಳಿಕೆಗೆ ಮಾತ್ರ ಒಂದಿಷ್ಟು ನಷ್ಟವಾಯಿತು. ಏಕೆಂದರೆ ಎಲ್ಲವನ್ನೂ ಹೀಗೆ ದಾಟಿಸುವುದಿಲ್ಲ. ಫ್ರೇಮಿನ ಹಿನ್ನೆಲೆಗೆ ಹಳದಿ ಬಣ್ಣ ಕೊಟ್ಟರೆ ಬಣ್ಣ ಫ್ರೇಮಿಗೇ ಅಂಟುತ್ತದೆ. ಅದರ ಮೇಲೆ ಪೂರ್ತಿಯಾಗಿ ಹಾಸಿರುವ ಕಾಂಟೆಂಟ್ ಪೇನ್ ತನ್ನ ಬೂದು ಬಣ್ಣದಲ್ಲೇ ಉಳಿದು ಹಳದಿಯನ್ನು ಮುಚ್ಚಿಹಾಕುತ್ತದೆ. ಬಣ್ಣ ಕೊಡಬೇಕಾದದ್ದು ಕಾಂಟೆಂಟ್ ಪೇನಿಗೆ. ಇನ್ನೊಂದು ಸಂಗತಿ: ಕಾಂಟೆಂಟ್ ಪೇನಿನ ಜಾಗ ಹಂಚುವ ವಿಧಾನ ಬಾರ್ಡರ್ ಲೇಔಟ್. ಅದಕ್ಕೆ ಮೇಲೆ, ಕೆಳಗೆ, ಎಡ, ಬಲ, ನಡು ಎಂಬ ಐದೇ ಸ್ಥಾನ. ಸ್ಥಾನ ಹೇಳದೆ ಎರಡು ಬಟನ್ ಸೇರಿಸಿದರೆ ಎರಡೂ ನಡುವಿನ ಸ್ಥಾನಕ್ಕೇ ಹೋಗಿ, ಕೊನೆಯದು ಮಾತ್ರ ಇಡೀ ವಿಂಡೋ ತುಂಬ ಕಾಣುತ್ತದೆ.

ಅಳತೆಯ ವಿಚಾರಕ್ಕೆ ಬಂದರೆ, ಹೊಸದಾಗಿ ಮಾಡಿದ ಜೆಫ್ರೇಮಿನ ಅಗಲವೂ ಸೊನ್ನೆ, ಎತ್ತರವೂ ಸೊನ್ನೆ. ಹಾಗೆಯೇ ತೋರಿಸಿದರೆ ಪರದೆಯ ಎಡಮೂಲೆಯಲ್ಲಿ ಒಂದು ತುಂಡು ಟೈಟಲ್ ಬಾರ್ ಮಾತ್ರ ಕಾಣುತ್ತದೆ. ಅದು ಆಪರೇಟಿಂಗ್ ಸಿಸ್ಟಮ್‌ನ ಪಾಲು, ಅದಕ್ಕೇ ಉಳಿದಿದೆ. ಅಳತೆಯನ್ನು ಸಂಖ್ಯೆಯಲ್ಲಿ ಕೊಡಬಹುದು, ಆದರೆ 400ಕ್ಕೆ 300 ಎಂದು ಕೊಟ್ಟರೆ ಅದರಲ್ಲಿ ಅಂಚು ಮತ್ತು ಟೈಟಲ್ ಬಾರ್ ಸೇರಿಕೊಂಡೇ ಇರುತ್ತವೆ, ಒಳಗೆ ಸಿಗುವ ಜಾಗ ಕಡಿಮೆ. ಎಷ್ಟು ಕಡಿಮೆ ಎಂಬುದು ಒಂದೊಂದು ಸಿಸ್ಟಮ್‌ನಲ್ಲಿ ಒಂದೊಂದು ಥರ. ಫ್ರೇಮಿನ ಮೇಲೆಯೇ ನೇರವಾಗಿ ಸೊನ್ನೆ ಸೊನ್ನೆ ಬಿಂದುವಿನಿಂದ ಗೆರೆ ಎಳೆದವರಿಗೆ ಆ ಗೆರೆಯ ತುದಿ ಟೈಟಲ್ ಬಾರಿನ ಕೆಳಗೆ ಹೂತುಹೋಗಿರುವುದು ಇದೇ ಕಾರಣಕ್ಕೆ. ಇದಕ್ಕೆಲ್ಲ ಸರಿಯಾದ ಮದ್ದು ಪ್ಯಾಕ್ ಎಂಬ ಆಜ್ಞೆ. ಅದು ಒಳಗಿನ ಪ್ರತಿ ಘಟಕವನ್ನೂ ನಿನಗೆಷ್ಟು ಜಾಗ ಬೇಕು ಎಂದು ಕೇಳಿ, ಒಟ್ಟು ಲೆಕ್ಕ ಹಾಕಿ, ಅಂಚುಗಳ ಅಳತೆ ಕೂಡಿಸಿ ವಿಂಡೋವನ್ನು ಹೊಂದಿಸುತ್ತದೆ. ಅಕ್ಷರದ ಗಾತ್ರ ಹೆಚ್ಚಿಸಿಕೊಂಡವರ ಕಂಪ್ಯೂಟರಿನಲ್ಲೂ ಬಟನ್ನಿನ ಮೇಲಿನ ಪದ ಅರ್ಧಕ್ಕೆ ಕತ್ತರಿಸಿಹೋಗದಂತೆ ಕಾಯುವುದು ಇದೇ. ವಿಂಡೋವನ್ನು ಪರದೆಯ ನಡುವೆ ತರುವ ಆಜ್ಞೆಯನ್ನು ಪ್ಯಾಕ್ ಆದ ಮೇಲೆ ಕೊಡಬೇಕು. ಮೊದಲೇ ಕೊಟ್ಟರೆ ಅಳತೆ ಸೊನ್ನೆಯಾಗಿರುವುದರಿಂದ ವಿಂಡೋದ ಎಡ ಮೇಲ್ಮೂಲೆ ನಡುವಿಗೆ ಬಂದು, ಉಳಿದದ್ದೆಲ್ಲ ಬಲಕ್ಕೂ ಕೆಳಕ್ಕೂ ಜಾರುತ್ತದೆ.

ಮುಚ್ಚುವ ಗುರುತನ್ನು ಒತ್ತಿದಾಗ ಏನಾಗುತ್ತದೆ ಎಂಬುದು ಈ ಇಡೀ ವಿಷಯದ ತಿರುಳು. ಒತ್ತಿದ ಗುರುತು ಆಪರೇಟಿಂಗ್ ಸಿಸ್ಟಮ್‌ನದು, ಆದರೆ ಅದು ತಾನಾಗಿ ವಿಂಡೋವನ್ನು ನಾಶ ಮಾಡುವುದಿಲ್ಲ, ಪ್ರೋಗ್ರಾಮನ್ನು ಕೇಳುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯೂಎಂ ಕ್ಲೋಸ್ ಎಂಬ ಸಂದೇಶ ಬರುತ್ತದೆ. ಎಕ್ಸ್ ವ್ಯವಸ್ಥೆಯಲ್ಲಿ ವಿಂಡೋ ಮ್ಯಾನೇಜರ್ ಡಬ್ಲ್ಯೂಎಂ ಡಿಲೀಟ್ ವಿಂಡೋ ಎಂಬ ಸಂದೇಶ ಕಳಿಸುತ್ತದೆ. ಜಾವಾ ಎರಡನ್ನೂ ವಿಂಡೋ ಕ್ಲೋಸಿಂಗ್ ಎಂಬ ಒಂದೇ ಸುದ್ದಿಯಾಗಿ ಮಾರ್ಪಡಿಸಿ, ಮೊದಲು ಆ ಸುದ್ದಿಗೆ ಕಾದಿರುವ ಪ್ರೋಗ್ರಾಮಿನ ಭಾಗಗಳಿಗೆ ತಿಳಿಸುತ್ತದೆ. ಉಳಿಸದೆ ಹೋಗುತ್ತೀರಾ ಎಂದು ಕೇಳುವ ಅವಕಾಶ ಸಿಗುವುದು ಇಲ್ಲಿ. ಆಮೇಲೆ ಆ ವಿಂಡೋಗೆ ನಿಗದಿ ಮಾಡಿದ ಕ್ರಮ ಜಾರಿಗೆ ಬರುತ್ತದೆ. ಕ್ರಮಗಳು ನಾಲ್ಕು: ಏನೂ ಮಾಡದಿರುವುದು, ಮರೆಮಾಡುವುದು, ಸಿಸ್ಟಮ್‌ನಿಂದ ಪಡೆದ ಜಾಗವನ್ನು ಹಿಂದಿರುಗಿಸಿ ವಿಂಡೋವನ್ನು ಕಳಚುವುದು, ಇಡೀ ಪ್ರೋಗ್ರಾಮನ್ನೇ ನಿಲ್ಲಿಸುವುದು. ಏನನ್ನೂ ಹೇಳದಿದ್ದರೆ ಜಾರಿಗೆ ಬರುವುದು ಎರಡನೆಯದು, ಮರೆಮಾಡುವುದು.

ಮುಚ್ಚಿದರೂ ಪ್ರೋಗ್ರಾಂ ಸಾಯದಿರುವ ಗುಟ್ಟು ಇದರಲ್ಲಿದೆ. ಮರೆಯಾದ ವಿಂಡೋ ಸಿಸ್ಟಮ್‌ನಿಂದ ಪಡೆದ ಜಾಗವನ್ನು ಇನ್ನೂ ಹಿಡಿದುಕೊಂಡಿರುತ್ತದೆ, ಮತ್ತೆ ಯಾರಾದರೂ ಕರೆದಾರು ಎಂದು ಪ್ರೋಗ್ರಾಮನ್ನು ಓಡಿಸುವ ಜಾವಾ ಯಂತ್ರ ಕಾಯುತ್ತಲೇ ಇರುತ್ತದೆ. ಪರದೆಯ ಮೇಲೆ ಏನೂ ಇಲ್ಲ, ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಹೆಸರು ಹಾಗೇ ಇದೆ. ಎಲ್ಲ ವಿಂಡೋಗಳನ್ನೂ ಕಳಚಿದ ಮೇಲೆ, ಬೇರೆ ಕೆಲಸ ಯಾವುದೂ ಬಾಕಿ ಇಲ್ಲದಿದ್ದರೆ, ಜಾವಾ ತಾನಾಗಿ ನಿಲ್ಲುತ್ತದೆ. ಇಡೀ ಪ್ರೋಗ್ರಾಮನ್ನು ನಿಲ್ಲಿಸುವ ನಾಲ್ಕನೆಯ ಕ್ರಮ ಜಾವಾ 1.3ರಲ್ಲಿ ಸೇರಿದ್ದು. ಪಾಠದ ಉದಾಹರಣೆಗಳಲ್ಲೆಲ್ಲ ಅದೇ ಕಾಣುತ್ತದೆ. ನಾಲ್ಕಾರು ವಿಂಡೋ ಇರುವ ನಿಜವಾದ ಪ್ರೋಗ್ರಾಮಿನಲ್ಲಿ ಅದು ಅಪಾಯಕಾರಿ, ಒಂದನ್ನು ಮುಚ್ಚಿದರೆ ಉಳಿದವುಗಳಲ್ಲಿದ್ದ ಬರಹವೂ ಹೋಗುತ್ತದೆ. ಅಂಥಲ್ಲಿ ಕಳಚುವ ಕ್ರಮವೇ ಸರಿ. ಸಂವಾದ ಚೌಕಕ್ಕಂತೂ ನಾಲ್ಕನೆಯ ಕ್ರಮವನ್ನು ನಿಗದಿ ಮಾಡಲು ಸ್ವಿಂಗ್ ಬಿಡುವುದೇ ಇಲ್ಲ.

ಸಂವಾದ ಚೌಕಕ್ಕೆ ಒಡೆಯ ವಿಂಡೋ ಎಂದೊಂದು ಇರುತ್ತದೆ. ಒಡೆಯ ಕಿರಿದಾದರೆ ಅದೂ ಮರೆಯಾಗುತ್ತದೆ, ಒಡೆಯನನ್ನು ಕಳಚಿದರೆ ಅದೂ ಕಳಚಿಕೊಳ್ಳುತ್ತದೆ. ಅದು ಮೋಡಲ್ ಆಗಿದ್ದರೆ, ಅಂದರೆ ಉತ್ತರ ಕೊಡದೆ ಮುಂದೆ ಬಿಡದ ಬಗೆಯದಾಗಿದ್ದರೆ, ಅದನ್ನು ತೋರಿಸುವ ಆಜ್ಞೆಯೇ ಚೌಕ ಮುಚ್ಚುವವರೆಗೂ ಮುಗಿಯುವುದಿಲ್ಲ. ಹಿಂದಿನ ವಿಂಡೋ ಆಗಲೂ ತನ್ನನ್ನು ಬರೆದುಕೊಳ್ಳುತ್ತಿರುತ್ತದೆ, ಒಳಗೊಳಗೇ ಸುದ್ದಿ ಹಂಚುವ ಎರಡನೆಯ ಸುತ್ತೊಂದು ಓಡುತ್ತಿರುತ್ತದೆ. 2006ರ ಜಾವಾ 6 ಈ ತಡೆಯನ್ನು ಹಂತ ಹಂತವಾಗಿ ಬಿಡಿಸಿತು. ತಡೆ ಇಲ್ಲದಿರುವುದು, ಒಂದೇ ದಸ್ತಾವೇಜಿನ ವಿಂಡೋಗಳನ್ನು ಮಾತ್ರ ತಡೆಯುವುದು, ಇಡೀ ಪ್ರೋಗ್ರಾಮಿನ ವಿಂಡೋಗಳನ್ನು ತಡೆಯುವುದು, ಒಂದೇ ಜಾವಾ ಯಂತ್ರದಲ್ಲಿ ಓಡುವ ಎಲ್ಲವನ್ನೂ ತಡೆಯುವುದು. ಬರೆಯುವ ಪ್ರೋಗ್ರಾಮಿನಲ್ಲಿ ಒಂದು ಕಡತದ ಪ್ರಶ್ನೆ ಇನ್ನೊಂದು ಕಡತದ ಕೆಲಸವನ್ನು ನಿಲ್ಲಿಸಬಾರದು ಎಂಬ ಸಣ್ಣ ಸೌಜನ್ಯ ಇದರಿಂದ ಸಾಧ್ಯವಾಯಿತು.

ಈ ಸುದ್ದಿ ಹಂಚಿಕೆಯೂ ಸೇರಿದಂತೆ ಸ್ವಿಂಗ್‌ನ ಎಲ್ಲ ಕೆಲಸವೂ ಈವೆಂಟ್ ಡಿಸ್ಪ್ಯಾಚ್ ಎಂಬ ಒಂದೇ ಥ್ರೆಡ್ಡಿನಲ್ಲಿ, ಅಂದರೆ ಕೆಲಸದ ಒಂದೇ ಎಳೆಯಲ್ಲಿ ನಡೆಯಬೇಕು. ವಿಂಡೋ ತೆರೆಯುವುದೂ ಅದರಲ್ಲೇ, ಬಟನ್ ಒತ್ತಿದ್ದಕ್ಕೆ ಉತ್ತರಿಸುವುದೂ ಅದರಲ್ಲೇ. ಆ ಥ್ರೆಡ್ಡಿನಲ್ಲಿ ಹತ್ತು ಸೆಕೆಂಡು ಹಿಡಿಯುವ ಲೆಕ್ಕಕ್ಕೆ ಕೂತರೆ ವಿಂಡೋ ಅಷ್ಟೂ ಹೊತ್ತು ಕಲ್ಲಾಗುತ್ತದೆ. ಟೈಟಲ್ ಬಾರ್ ಹಿಡಿದು ಎಳೆದರೆ ವಿಂಡೋ ಆಗಲೂ ಸರಿಯಬಹುದು, ಏಕೆಂದರೆ ಅದು ಇನ್ನೊಬ್ಬ ಒಡೆಯನ ಕೆಲಸ. ಒಳಗಿನದು ಮಾತ್ರ ಅಲ್ಲಾಡುವುದಿಲ್ಲ.

ಕನ್ನಡದ ಬಳಕೆದಾರರಿಗೆ ಈ ಗಡಿ ಕಣ್ಣಿಗೇ ಕಾಣುವಂಥದ್ದು. ಟೈಟಲ್ ಬಾರಿನಲ್ಲಿ ಬರುವ ಕನ್ನಡವನ್ನು ಆಪರೇಟಿಂಗ್ ಸಿಸ್ಟಮ್ ತನ್ನ ಫಾಂಟಿನಿಂದ ಬರೆಯುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಕನ್ನಡಕ್ಕಿದ್ದದ್ದು ತುಂಗಾ, ವಿಂಡೋಸ್ 8ರಿಂದ ನಿರ್ಮಲಾ ಯುಐ. ಒಳಗಿನ ಬಟನ್ನಿನ ಮೇಲಿನ ಕನ್ನಡವನ್ನು ಬರೆಯುವುದು ಜಾವಾ, ತನ್ನದೇ ಅಕ್ಷರ ಜೋಡಣೆಯ ಯಂತ್ರದಿಂದ. ಒತ್ತಕ್ಷರವನ್ನು ಯಾವುದರ ಕೆಳಗೆ ಇಳಿಸಬೇಕು, ಅರ್ಕಾವತ್ತನ್ನು ಎಲ್ಲಿ ಕೂರಿಸಬೇಕು ಎಂಬ ತೀರ್ಮಾನ ಅದರದು. ಹೀಗಾಗಿ ಒಂದೇ ಪದ ಮೇಲೆ ಒಂದು ಬಗೆಯಾಗಿ, ಒಳಗೆ ಇನ್ನೊಂದು ಬಗೆಯಾಗಿ ಕಾಣುವುದುಂಟು. ಜಾವಾ 9ರಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಜಾವಾದ ಈ ಯಂತ್ರದ ಜಾಗಕ್ಕೆ ಬಂತು. ಕನ್ನಡದಂಥ ಲಿಪಿಗಳ ಮಟ್ಟಿಗೆ ಜಾವಾದ ಚರಿತ್ರೆಯಲ್ಲಿ ಇದು ದೊಡ್ಡ ಬದಲಾವಣೆ.

ಇಬ್ಬರು ಒಡೆಯರ ನಡುವಿನ ಗಡಿ ಎಂದೂ ಒಂದೇ ಕಡೆ ನಿಂತದ್ದಲ್ಲ. ಲಿನಕ್ಸ್‌ನಲ್ಲಿ ಕೆಲವು ವಿಂಡೋ ಮ್ಯಾನೇಜರುಗಳು ಪ್ರೋಗ್ರಾಮಿನ ವಿಂಡೋವನ್ನು ಬೇರೆ ಚೌಕಟ್ಟಿನೊಳಗೆ ಕೂರಿಸದೆ ಹಾಗೆಯೇ ಬಿಡುತ್ತವೆ. ಚೌಕಟ್ಟಿಗಾಗಿ ಕಾಯುವ ಜಾವಾದ ವಿಂಡೋ ಅಂಥಲ್ಲಿ ಖಾಲಿ ಬೂದು ಚೌಕವಾಗಿ ನಿಂತುಬಿಡುವುದುಂಟು, ಕಾಯಬೇಡ ಎಂದು ಹೇಳಲು ಪ್ರತ್ಯೇಕ ಸೂಚನೆಯೊಂದನ್ನು ಹೊಂದಿಸಬೇಕಾಗುತ್ತದೆ. ಎಕ್ಸ್ ವ್ಯವಸ್ಥೆಯ ಸ್ಥಾನಕ್ಕೆ ಈಗ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಪಾಲು ಹಂಚಿಕೆಯೇ ಬೇರೆ. ಅಲ್ಲಿ ಟೈಟಲ್ ಬಾರನ್ನು ಅನೇಕ ಪ್ರೋಗ್ರಾಮುಗಳು ತಾವೇ ಬರೆದುಕೊಳ್ಳುತ್ತವೆ, ಆದರೆ ಮುಖ್ಯ ವಿಂಡೋವನ್ನು ಪರದೆಯ ಯಾವ ಬಿಂದುವಿನಲ್ಲಿ ಇಡಬೇಕೆಂದು ಹೇಳುವ ಹಕ್ಕು ಪ್ರೋಗ್ರಾಮಿಗೆ ಇಲ್ಲ. ಪರದೆಯ ನಡುವೆ ತೋರಿಸು ಎಂಬ ಸ್ವಿಂಗ್‌ನ ಹಳೆಯ ಆಜ್ಞೆಗೆ ಆ ವ್ಯವಸ್ಥೆಯಲ್ಲಿ ನೇರವಾದ ಅರ್ಥವೇ ಉಳಿಯುವುದಿಲ್ಲ. ಜಾವಾವನ್ನು ವೇಲ್ಯಾಂಡ್‌ಗೆ ಹೊಂದಿಸುವ ಕೆಲಸ ಜಾವಾದ ಮುಕ್ತ ರೂಪವಾದ ಓಪನ್‌ಜೆಡಿಕೆಯ ವೇಕ್‌ಫೀಲ್ಡ್ ಯೋಜನೆಯ ಕೈಯಲ್ಲಿದೆ.